‘ಸ್ಪಿನ್ ಟೆಕ್ನಾಲಜಿ’ಗೆ 350% ದಕ್ಷತೆ, ಫೋನ್ ಇನ್ನು ಬಿಸಿಯೇ ಆಗಲ್ಲ: ಈ ಮಾತಿನಲ್ಲಿ ನಿಜ ಎಷ್ಟು?

ಗದಗ ಜಿಲ್ಲೆ ರೋಣ ತಾಲ್ಲೂಕಿನ ಅಸೂಟಿ. ಅಲ್ಲಿನ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸಂಜೆ ಹೊತ್ತಿಗೆ ಹೀಗೊಂದು ಸಂದೇಶ ಬಂತು ಎಂದುಕೊಳ್ಳಿ:

“ವಿಜ್ಞಾನಿಗಳ ಮಹಾ ಸಂಶೋಧನೆ! ಟೋಪೊಲಾಜಿಕಲ್ ಕ್ವಾಂಟಮ್ ವಸ್ತು ಸಿಕ್ಕಿದೆ. ಇದರಲ್ಲಿ ಕರೆಂಟ್ ಒಂದಿಷ್ಟೂ ನಷ್ಟವಿಲ್ಲದೆ ಹರಿಯುತ್ತದೆ. ದಕ್ಷತೆ 350%! ಫೋನ್ ಬಿಸಿ ಆಗಲ್ಲ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಇದೇ ಸ್ಪಿನ್ ಟೆಕ್ನಾಲಜಿಯ ಮ್ಯಾಗ್ನೆಟ್ ಚಿಪ್ ಈಗ ನಿಮ್ಮ ಫೋನಿಗೂ, ಪಂಪ್‌ಸೆಟ್‌ಗೂ. ಮೊದಲ 100 ಜನರಿಗೆ ಮಾತ್ರ ₹1,499. ಎಲ್ಲರಿಗೂ ಕಳಿಸಿ.”

ಈ ಸಂದೇಶವನ್ನು ಜೋಡಿಸಿದ್ದು ನಾವೇ. ಹೀಗೆ ಜೋಡಿಸುವುದು ಎಷ್ಟು ಸುಲಭ ಎಂದು ತೋರಿಸಲು. ಇದರಲ್ಲಿರುವ ಪದಗಳು ಸುಳ್ಳಲ್ಲ. ಟೋಪೊಲಾಜಿಕಲ್ ವಸ್ತು ಇದೆ. ಸ್ಪಿನ್ ಇದೆ. 350 ಎಂಬ ಸಂಖ್ಯೆಗೂ ಒಂದು ಮೂಲ ಇದೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಗಂಭೀರ ಪ್ರಬಂಧವೊಂದರ 3.5 ಎಂಬ ಅಂಕಿಯನ್ನು ಶೇಕಡಾವಾರು ಮಾಡಿದರೆ ಅದೇ ಬರುತ್ತದೆ. ನಿಜವಾದ ಪದಗಳನ್ನು ತಪ್ಪು ಜಾಗದಲ್ಲಿ ಕೂರಿಸಿ, ಕೊನೆಗೆ ಬೆಲೆ ಬರೆದಿದ್ದೇವೆ, ಅಷ್ಟೆ.

ಚುಟುಕಾಗಿ ಉತ್ತರ ಬೇಕಾದವರಿಗೆ: ಈ ವಸ್ತುಗಳಲ್ಲಿ ಕರೆಂಟ್ ನಷ್ಟವಿಲ್ಲದೆ ಹರಿಯುವುದಿಲ್ಲ. 3.5 ಎಂಬುದು ಶಕ್ತಿಯ ಲೆಕ್ಕವಲ್ಲ. ಫೋನಿಗೆ ಅಂಟಿಸುವ, ಪಂಪ್‌ಸೆಟ್‌ಗೆ ಕಟ್ಟುವ ಯಾವ ಚಿಪ್‌ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಮೆಮೊರಿ ಚಿಪ್‌ಗಳಲ್ಲಿ ಮಾಹಿತಿ ಬರೆಯುವ ಖರ್ಚನ್ನು ಇಳಿಸಲು ಇವು ನೆರವಾಗಬಹುದು, ಆ ಕೆಲಸ ಪ್ರಯೋಗಾಲಯಗಳಲ್ಲಿ ನಿಜವಾಗಿ ನಡೆದಿದೆ. ಅದು ಹೇಗೆ ಎಂದು ಗೊತ್ತಾದರೆ, ಮೇಲಿನ ಸಂದೇಶ ಎಲ್ಲೆಲ್ಲಿ ಜಾರಿತು ಎಂಬುದು ತಾನಾಗಿಯೇ ಕಾಣುತ್ತದೆ.

ಸ್ಪಿನ್ ಅಂದರೆ ಬುಗುರಿಯೇ?

ಅಲ್ಲ. ಹೆಸರು ಕೇಳಿದರೆ ಎಲೆಕ್ಟ್ರಾನ್ ಬುಗುರಿಯಂತೆ ಗಿರಗಿರ ತಿರುಗುತ್ತದೆ ಎನ್ನಿಸುತ್ತದೆ. 1925ರಲ್ಲಿ ಈ ಕಲ್ಪನೆ ಮುಂದಿಟ್ಟ ಇಬ್ಬರು ಯುವ ವಿಜ್ಞಾನಿಗಳು, ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್, ಹಾಗೇ ಯೋಚಿಸಿದ್ದರು. ಆದರೆ ಎಲೆಕ್ಟ್ರಾನ್ ನಿಜಕ್ಕೂ ಗೋಲಿಯಂತೆ ತಿರುಗುವುದಿಲ್ಲ. ಪ್ರತಿ ಎಲೆಕ್ಟ್ರಾನೂ ಹುಟ್ಟಿನಿಂದಲೇ ಒಂದು ಪುಟ್ಟ ಆಯಸ್ಕಾಂತ, ಅದಕ್ಕೊಂದು ದಿಕ್ಕಿದೆ ಎಂದಿಟ್ಟುಕೊಂಡರೆ ನಮ್ಮ ಕೆಲಸಕ್ಕೆ ಸಾಕು. ಆ ದಿಕ್ಕೇ ಸ್ಪಿನ್. ಸಾಮಾನ್ಯ ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳ ಸ್ಪಿನ್ ಎಲ್ಲ ದಿಕ್ಕಿಗೂ ಇರುತ್ತದೆ, ಒಟ್ಟು ಕೂಡಿಸಿದರೆ ಸೊನ್ನೆ. ಕಬ್ಬಿಣದಂಥ ಆಯಸ್ಕಾಂತದಲ್ಲಿ ಬಹಳಷ್ಟು ಸ್ಪಿನ್‌ಗಳು ಒಂದೇ ಕಡೆ ಮುಖ ಮಾಡಿ ನಿಂತಿರುತ್ತವೆ. ಅದಕ್ಕೇ ಅದು ಆಯಸ್ಕಾಂತ.

ಈ ದಿಕ್ಕಿನಲ್ಲೇ ಮಾಹಿತಿ ಬರೆದಿಡಬಹುದು. ಒಂದು ಚಿಕ್ಕ ಆಯಸ್ಕಾಂತದ ಚುಕ್ಕೆ ಈ ಕಡೆ ನೋಡಿದರೆ 0, ಆ ಕಡೆ ನೋಡಿದರೆ 1. ಹಳೆ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಮಾಡುವುದು ಇದನ್ನೇ. ಹಾರ್ಡ್‌ಡಿಸ್ಕ್ ಓದುವ ಮುಳ್ಳಿನಲ್ಲಿ ಸ್ಪಿನ್ ವಿಜ್ಞಾನ 1997ರಿಂದಲೇ ಬಳಕೆಯಲ್ಲಿದೆ. ಅದರ ಹಿಂದಿನ ಸಂಶೋಧನೆಗೆ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರಲ್ಲಿ ನೊಬೆಲ್ ಬಂತು. ಹಾಗಾಗಿ ‘ಸ್ಪಿನ್ ಟೆಕ್ನಾಲಜಿ’ ನಾಳೆ ಬರುವ ಪವಾಡವೇನಲ್ಲ. ಸೈಬರ್ ಕೆಫೆಯಲ್ಲಿ ಕೂತು ಪರೀಕ್ಷೆ ಫಲಿತಾಂಶ ನೋಡಿದವರೆಲ್ಲ ಅದನ್ನು ಬಳಸಿದವರೇ ಇರಬೇಕು.

ಉಳಿದಿರುವ ಸಮಸ್ಯೆ ಬರೆಯುವುದರದ್ದು. ಚುಕ್ಕೆಯ ಮುಖ ತಿರುಗಿಸಲು ಕರೆಂಟ್ ಬೇಕು, ಕರೆಂಟ್ ಹರಿದರೆ ಬಿಸಿ. ಎಷ್ಟು ಕಡಿಮೆ ಕರೆಂಟಿನಲ್ಲಿ ತಿರುಗಿಸಬಹುದು ಎಂಬುದೇ ಇಡೀ ಪೈಪೋಟಿ.

ಒಳಗೆ ಬಂದ್, ಮೈಮೇಲೆ ಚಾಲೂ

ಟೋಪೊಲಾಜಿಕಲ್ ಇನ್ಸುಲೇಟರ್ ಎಂದರೆ ಒಳಗೆಲ್ಲ ಕರೆಂಟ್ ಹರಿಯಲು ಬಿಡದ, ಮೈಮೇಲೆ ಮಾತ್ರ ಹರಿಯಲು ಬಿಡುವ ವಸ್ತು. ಬಿಸ್ಮತ್ ಸೆಲೆನೈಡ್, ಬಿಸ್ಮತ್ ಟೆಲ್ಯುರೈಡ್ ಇದಕ್ಕೆ ಹೆಸರಾದ ಉದಾಹರಣೆಗಳು. ಹೀಗೂ ಇರಬಹುದು ಎಂಬ ಲೆಕ್ಕಾಚಾರ 2005–06ರ ಹೊತ್ತಿಗೆ ಬಂತು. 2007ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಪಾದರಸ-ಟೆಲ್ಯುರಿಯಂ ಪದರಗಳಲ್ಲಿ ಅದು ಕಂಡಿತು. 2009ರಲ್ಲಿ ಬಿಸ್ಮತ್ ಸೆಲೆನೈಡ್ ಸರದಿ.

“ಮರದ ಹಲಗೆಗೆ ತಾಮ್ರ ಬಳಿದ ಹಾಗೆ ತಾನೆ?” ಎಂದು ಕೇಳಬಹುದು. ಇಲ್ಲ. ಚಿನ್ನದ ನೀರು ಕುಡಿಸಿದ ಸರವನ್ನು ಉಜ್ಜಿದರೆ ಒಳಗಿನ ತಾಮ್ರ ಕಾಣುತ್ತದೆ. ಈ ವಸ್ತುವಿನ ಮೇಲ್ಪದರ ಕೆರೆದು ತೆಗೆದರೆ, ಈವರೆಗೆ ಒಳಗಿದ್ದ ಭಾಗವೇ ಹೊಸ ಮೈ ಆಗಿ ಅಲ್ಲಿಯೂ ಕರೆಂಟ್ ಹರಿಯಲು ಶುರುವಾಗುತ್ತದೆ. ಎರಡು ಹೋಳು ಮಾಡಿದರೆ ಎರಡರ ಮೈಮೇಲೂ ಹರಿಯುತ್ತದೆ. ಬಳಿದದ್ದಲ್ಲ, ಒಳಗಿನ ಗುಣವೇ ಮೈಮೇಲೆ ಹೀಗೆ ಹೊರಬರುತ್ತದೆ.

ಕಾರಣ ತಿಳಿಯಲು ಹಿಟ್ಟಿನ ಗಿರಣಿಯ ಬೆಲ್ಟ್ ನೆನಪಿಸಿಕೊಳ್ಳಿ. ಒಂದು ಬೆಲ್ಟನ್ನು ನೇರವಾಗಿ ಜೋಡಿಸಿದ್ದಾರೆ. ಇನ್ನೊಂದಕ್ಕೆ ಅರ್ಧ ತಿರುವು ಕೊಟ್ಟು ಜೋಡಿಸಿದ್ದಾರೆ. ಎಷ್ಟೇ ಎಳೆದಾಡಿ, ಹಿಂಜಿ, ಎರಡನೆಯದನ್ನು ಮೊದಲನೆಯದರಂತೆ ಮಾಡಲು ಬರುವುದಿಲ್ಲ, ಕತ್ತರಿಸಲೇಬೇಕು. ಹೀಗೆ ಕತ್ತರಿಸದೆ ಬದಲಾಗದ ಗುಣಗಳ ಗಣಿತಕ್ಕೇ ಟೋಪಾಲಜಿ ಎನ್ನುತ್ತಾರೆ. ಬಿಸ್ಮತ್ ಭಾರವಾದ ಧಾತು. ಭಾರದ ಪರಮಾಣುಗಳಲ್ಲಿ ಎಲೆಕ್ಟ್ರಾನಿನ ಓಟಕ್ಕೂ ಅದರ ಸ್ಪಿನ್‌ಗೂ ಬಿಗಿಯಾದ ನಂಟು. ಆ ನಂಟು ಇಲ್ಲಿ ಎಲೆಕ್ಟ್ರಾನುಗಳ ಶಕ್ತಿಯ ಮಟ್ಟಗಳನ್ನು ಮೇಲೆ ಕೆಳಗೆ ಮಾಡಿ, ಬೆಲ್ಟಿಗೆ ಒಂದು ತಿರುವು ಹಾಕಿದಂತೆ ಮಾಡುತ್ತದೆ. ಹೊರಗಿನ ಗಾಳಿ ತಿರುವಿಲ್ಲದ ಬೆಲ್ಟ್. ತಿರುವಿದ್ದದ್ದು ತಿರುವಿಲ್ಲದ್ದನ್ನು ಮುಟ್ಟುವ ಗಡಿಯಲ್ಲಿ ಏನೋ ಒಂದು ಕಡಿಯಲೇಬೇಕು. ಕಡಿಯುವುದು ‘ಇಲ್ಲಿ ಕರೆಂಟ್ ಹರಿಯಬಾರದು’ ಎಂಬ ತಡೆ. ಅದಕ್ಕೇ ಗಡಿಯಲ್ಲಿ, ಅಂದರೆ ಮೈಮೇಲೆ, ಕರೆಂಟ್ ಹರಿಯುತ್ತದೆ.

ಎಡಗೈ ಚಾಚಿ ನಡೆಯುವ ನಿಯಮ

ಆ ಮೈಮೇಲೆ ಹರಿಯುವ ಎಲೆಕ್ಟ್ರಾನುಗಳಿಗೆ ಒಂದು ವಿಚಿತ್ರ ಶಿಸ್ತಿದೆ. ಈ ಲೇಖನದ ಜೀವ ಇರುವುದೇ ಇಲ್ಲಿ.

ಸುಗ್ಗಿ ಮುಗಿದು ಖಾಲಿಯಾದ ಅಸೂಟಿಯ ಒಂದು ಎರೆ ಹೊಲ. ಅದರಲ್ಲಿ ನೂರಾರು ಜನ ಮನಸ್ಸಿಗೆ ಬಂದ ಕಡೆ ಅಡ್ಡಾಡುತ್ತಿದ್ದಾರೆ. ನಿಯಮ ಒಂದೇ: ಎತ್ತ ನಡೆದರೂ ಎಡಗೈಯನ್ನು ಪಕ್ಕಕ್ಕೆ ನೇರವಾಗಿ ಚಾಚಿರಬೇಕು. ಪೂರ್ವಕ್ಕೆ ನಡೆಯುವವರ ಕೈ ಉತ್ತರಕ್ಕೆ. ಪಶ್ಚಿಮಕ್ಕೆ ನಡೆಯುವವರ ಕೈ ದಕ್ಷಿಣಕ್ಕೆ. ಉತ್ತರಕ್ಕೆ ಹೊರಟವರದು ಪಶ್ಚಿಮಕ್ಕೆ. ಚಾಚಿದ ಆ ಕೈಯೇ ಸ್ಪಿನ್. ನಡೆಯುವ ದಿಕ್ಕು ಗೊತ್ತಾದರೆ ಸ್ಪಿನ್ ಗೊತ್ತಾದಂತೆ, ಎರಡೂ ಬೀಗ ಹಾಕಿದಂತೆ ಕೂಡಿಕೊಂಡಿವೆ.

ಎಲ್ಲರೂ ಎಲ್ಲ ಕಡೆಗೂ ಅಡ್ಡಾಡುತ್ತಿದ್ದರೆ ಚಾಚಿದ ಕೈಗಳ ಒಟ್ಟು ಸೊನ್ನೆ. ಈಗ ಬ್ಯಾಟರಿ ಹಚ್ಚೋಣ, ಅಂದರೆ ಎಲ್ಲರನ್ನೂ ಸ್ವಲ್ಪ ಪೂರ್ವಕ್ಕೆ ದೂಡೋಣ. ಪೂರ್ವಕ್ಕೆ ಹೋಗುವವರು ಹೆಚ್ಚಾದರು, ಉತ್ತರಕ್ಕೆ ಚಾಚಿದ ಕೈಗಳೂ ಹೆಚ್ಚಾದವು. ನಾವು ಕೊಟ್ಟದ್ದು ಬರೀ ಕರೆಂಟ್, ಆಯಸ್ಕಾಂತ ಹತ್ತಿರವೂ ಇಟ್ಟಿಲ್ಲ. ಆದರೂ ಸ್ಪಿನ್‌ಗಳು ಒಂದು ಕಡೆ ವಾಲಿದವು. ಕರೆಂಟ್ ತಿರುಗಿಸಿ ಪಶ್ಚಿಮಕ್ಕೆ ದೂಡಿದರೆ ವಾಲುವುದೂ ದಕ್ಷಿಣಕ್ಕೆ. 2014ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದವರು ಬಿಸ್ಮತ್ ಸೆಲೆನೈಡ್ ಮೇಲೆ ಆಯಸ್ಕಾಂತದ ತುದಿಯಿಟ್ಟು ಈ ವಾಲುವಿಕೆಯನ್ನು ವೋಲ್ಟೇಜ್ ಆಗಿ ಅಳೆದು ತೋರಿಸಿದರು.

ಒಂದು ಮಾತು ಬಿಟ್ಟೆವು. ಹಾಳೆಯ ಮೇಲಿನ ಮೈಯಲ್ಲಿ ಎಡಗೈ ನಿಯಮವಾದರೆ ಕೆಳಗಿನ ಮೈಯಲ್ಲಿ ಬಲಗೈ ನಿಯಮ. ಎರಡನ್ನೂ ಕೂಡಿಸಿದರೆ ಮತ್ತೆ ಸೊನ್ನೆ. ಅದಕ್ಕೇ ಆಯಸ್ಕಾಂತದ ಪದರವನ್ನು ಒಂದು ಮೈಗೆ ಮಾತ್ರ ತಾಗಿಸಿ ಕೂರಿಸುತ್ತಾರೆ.

ಆಯಸ್ಕಾಂತಕ್ಕೆ ದಾಟುವುದು ಹೇಗೆ?

ಅದೇ ಹೊಲದ ಬದುವಿನುದ್ದಕ್ಕೂ ಹಿಂಗಾರಿ ಜೋಳದ ಒಂದು ಸಾಲು ಕೊಯ್ಯದೆ ನಿಂತಿದೆ ಎನ್ನಿ. ಅದೇ ನಮ್ಮ ಆಯಸ್ಕಾಂತದ ಪದರ. ಬದುವಿನ ಪಕ್ಕ ಪೂರ್ವಕ್ಕೆ ನಡೆಯುವವರ ಚಾಚಿದ ಕೈ ದಂಟುಗಳಿಗೆ ತಾಗುತ್ತದೆ, ದಂಟು ಬಾಗುತ್ತದೆ. ಸಾಕಷ್ಟು ಜನ ಸಾಗಿದರೆ ಸಾಲಿಗೆ ಸಾಲೇ ವಾಲಿಬಿಡುತ್ತದೆ. ಎಲೆಕ್ಟ್ರಾನಿನ ಸ್ಪಿನ್ ಆಯಸ್ಕಾಂತದ ಸ್ಪಿನ್‌ಗಳನ್ನು ಹೀಗೆ ಒರಸಿ ತಿರುಗಿಸುವುದಕ್ಕೆ ಸ್ಪಿನ್ ಟಾರ್ಕ್ ಎಂದು ಹೆಸರು. ಮುಖ ಪೂರ್ತಿ ತಿರುಗಿತೋ, 0 ಹೋಗಿ 1 ಬರೆದಂತಾಯಿತು.

ಇಲ್ಲಿ ಎಲೆಕ್ಟ್ರಾನ್ ಆಯಸ್ಕಾಂತದೊಳಗೆ ಹೋಗಲೇಬೇಕು ಎಂದಿಲ್ಲ. ಯಿಟ್ರಿಯಂ ಐರನ್ ಗಾರ್ನೆಟ್ ಎಂಬ ಆಯಸ್ಕಾಂತ ಇದೆ, ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಸ್ಪಿನ್ ಮಾತ್ರ ಅದರೊಳಕ್ಕೂ ದಾಟುತ್ತದೆ. ಒಂದು ಫೋನಿನಿಂದ ಇನ್ನೊಂದಕ್ಕೆ ಫಾರ್ವರ್ಡ್ ಹೋದ ಹಾಗೆ: ಸಂದೇಶ ಅಸೂಟಿಯಿಂದ ನರಗುಂದಕ್ಕೆ, ಅಲ್ಲಿಂದ ದುಬೈಗೆ ಹೋಗಿರುತ್ತದೆ, ಫೋನುಗಳು ಅವರವರ ಕಿಸೆಯಲ್ಲೇ ಇರುತ್ತವೆ. ಆಯಸ್ಕಾಂತದೊಳಗಿನ ಒಂದು ಸ್ಪಿನ್ ಪಕ್ಕದ್ದನ್ನು ಅಲುಗಿಸುತ್ತದೆ, ಅದು ಮುಂದಿನದನ್ನು. ಹೀಗೆ ಅಲೆಯಾಗಿ ಸಾಗುತ್ತದೆ.

ತಿರುಗಾಮುರುಗ ಮಾಡಿದರೂ ನಡೆಯುತ್ತದೆ. ಮೈಕ್ರೋವೇವ್‌ನಿಂದ ಆಯಸ್ಕಾಂತದ ಸ್ಪಿನ್‌ಗಳನ್ನು ತೂಗಾಡಿಸಿದರೆ ಅವು ಗಡಿ ದಾಟಿ ಪಕ್ಕದ ಟೋಪೊಲಾಜಿಕಲ್ ಮೈಗೆ ಸ್ಪಿನ್ ತಳ್ಳುತ್ತವೆ. ಕೈಗಳು ಉತ್ತರಕ್ಕೆ ವಾಲಿದರೆ ಜನ ಪೂರ್ವಕ್ಕೆ ನಡೆಯಲೇಬೇಕಲ್ಲ, ನಿಯಮ ಹಾಗಿದೆ! ಆದ್ದರಿಂದ ಅಲ್ಲಿ ವೋಲ್ಟೇಜ್ ಹುಟ್ಟುತ್ತದೆ. 2016ರಲ್ಲಿ ಅಮೆರಿಕದ ಸಂಶೋಧಕರು ಇದೇ ಗಾರ್ನೆಟ್ ಮೇಲೆ ಬೇರೆ ಬೇರೆ ದಪ್ಪದ ಟೋಪೊಲಾಜಿಕಲ್ ಪದರ ಬೆಳೆಸಿ ಅಳೆದರು. ಅತಿ ತೆಳು ಪದರಗಳನ್ನು ಬಿಟ್ಟರೆ, ದಪ್ಪ ಹೆಚ್ಚಿದರೂ ಪರಿಣಾಮ ಅಷ್ಟಾಗಿ ಬದಲಾಗಲಿಲ್ಲ. ಕೆಲಸ ಮಾಡುತ್ತಿರುವುದು ಒಳಗಲ್ಲ, ಮೈ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಹಾಗಾದರೆ 350%?

2014ರ ‘ನೇಚರ್’ ಪ್ರಬಂಧಕ್ಕೆ ಬರೋಣ. ಕಾರ್ನೆಲ್ ಮತ್ತು ಪೆನ್ ಸ್ಟೇಟ್ ವಿಶ್ವವಿದ್ಯಾಲಯಗಳ ತಂಡ, ನಿತಿನ್ ಸಮರ್ಥ್ ಮತ್ತು ಡೇನಿಯಲ್ ರಾಲ್ಫ್ ಅದರಲ್ಲಿದ್ದರು, ಬಿಸ್ಮತ್ ಸೆಲೆನೈಡ್ ಮೇಲೆ ನಿಕಲ್-ಕಬ್ಬಿಣದ ತೆಳು ಪದರವಿಟ್ಟು, ಕೋಣೆಯ ಉಷ್ಣತೆಯಲ್ಲೇ ಸ್ಪಿನ್ ಟಾರ್ಕ್ ಅಳೆಯಿತು. ಹರಿಸಿದ ಕರೆಂಟಿಗೆ ಹೋಲಿಸಿದರೆ ಆಯಸ್ಕಾಂತಕ್ಕೆ ದಾಟಿದ ಸ್ಪಿನ್ ಎಷ್ಟು ಎಂಬ ಅನುಪಾತ 2ರಿಂದ 3.5 ಬಂತು. ಅಲ್ಲಿಯವರೆಗೆ ಬಳಸುತ್ತಿದ್ದ ಪ್ಲಾಟಿನಂನಲ್ಲಿ ಅದು ಸುಮಾರು 0.1ರ ಆಸುಪಾಸು, ಟಂಗ್‌ಸ್ಟನ್‌ನಲ್ಲಿ 0.3. ದೊಡ್ಡ ಜಿಗಿತವೇ, ಸಂಶಯವಿಲ್ಲ.

ಆದರೆ 1 ಕೊಟ್ಟರೆ 3.5 ಬಂತು ಎಂದರೆ ಪುಕ್ಕಟೆ ಶಕ್ತಿಯೇ? ಜೋಳದ ಸಾಲಿಗೆ ವಾಪಸ್ ಹೋಗಿ. ಒಬ್ಬನೇ ಮನುಷ್ಯ ಬದುವಿನುದ್ದಕ್ಕೂ ಕೈ ಚಾಚಿ ನಡೆದ. ಇಪ್ಪತ್ತು ದಂಟು ಬಾಗಿದವು. ನಡೆದವನು ಒಬ್ಬ, ಬಾಗಿದ್ದು ಇಪ್ಪತ್ತು. ಹಾಗೆಂದು ಅವನ ದಕ್ಷತೆ 2000% ಎಂದು ಯಾರೂ ಹೇಳುವುದಿಲ್ಲ. ಪ್ರತಿ ದಂಟಿಗೂ ಅವನ ತೋಳು ಸ್ವಲ್ಪ ದಣಿದಿದೆ, ಆ ದಣಿವಿಗೆ ಅವನು ಮಧ್ಯಾಹ್ನ ತಿಂದ ರೊಟ್ಟಿ ಖರ್ಚಾಗಿದೆ. ಎಲೆಕ್ಟ್ರಾನ್ ಕೂಡ ಪದರದುದ್ದಕ್ಕೂ ಸಾಗುವಾಗ ಗಡಿಗೆ ಮತ್ತೆ ಮತ್ತೆ ತಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಸ್ಪಿನ್ ದಾಟಿಸುತ್ತದೆ, ಕಳೆದುಕೊಂಡದ್ದನ್ನು ಹರಳಿನ ಪರಮಾಣುಗಳಿಂದ ತುಂಬಿಕೊಳ್ಳುತ್ತದೆ. ದಾಟುವುದು ಕೋನೀಯ ಸಂವೇಗ, ಅಂದರೆ ತಿರುಗಿಸುವ ಸಾಮರ್ಥ್ಯದ ಲೆಕ್ಕ. ಕಿಲೊವಾಟ್-ಗಂಟೆಯ ಲೆಕ್ಕವೇ ಬೇರೆ. ಶಕ್ತಿ ಪೂರ್ತಿ ಬ್ಯಾಟರಿಯಿಂದಲೇ ಬರಬೇಕು.

ಆಯಸ್ಕಾಂತ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ ಎಂಬುದಕ್ಕೆ ಗಜೇಂದ್ರಗಡದ ಕಡೆಯ ಗಾಳಿಯಂತ್ರಗಳೇ ಸಾಕ್ಷಿ. ಗಾಳಿ ನಿಂತ ದಿನ ರೆಕ್ಕೆಯೂ ನಿಲ್ಲುತ್ತದೆ, ವಿದ್ಯುತ್ತೂ ನಿಲ್ಲುತ್ತದೆ.

‘ನಷ್ಟವೇ ಇಲ್ಲ’ ಎಂಬ ಮಾತು ಎಲ್ಲಿಂದ ಬಂತು?

ಇದು ಅರ್ಧ ಸತ್ಯದ ಒಳ್ಳೆ ಮಾದರಿ. ಹೊಲದ ನಿಯಮದ ಪ್ರಕಾರ ಪೂರ್ವಕ್ಕೆ ನಡೆಯುವವನು ಕಲ್ಲಿಗೆ ಎಡವಿದರೆ ಥಟ್ಟನೆ ಪಶ್ಚಿಮಕ್ಕೆ ತಿರುಗಲು ಬರುವುದಿಲ್ಲ, ಏಕೆಂದರೆ ಕೈಯೂ ಉತ್ತರದಿಂದ ದಕ್ಷಿಣಕ್ಕೆ ಪೂರ್ತಿ ತಿರುಗಬೇಕು; ಕಲ್ಲಿಗೆ ಸ್ಪಿನ್ ತಿರುಗಿಸುವ ಶಕ್ತಿ ಇಲ್ಲ. ‘ಟೋಪೊಲಾಜಿಕಲ್ ವಸ್ತುವಿನಲ್ಲಿ ಎಲೆಕ್ಟ್ರಾನ್ ಹಿಂದಿರುಗುವುದಿಲ್ಲ’ ಎಂದು ಜನಪ್ರಿಯ ಲೇಖನಗಳು ಹೇಳುವುದು ಇದನ್ನೇ. ಆದರೆ ಹೊಲ ವಿಶಾಲವಾಗಿದೆ. ನೇರ ಹಿಂದಕ್ಕೆ ಬರಲಾಗದವನು ಸ್ವಲ್ಪ ಈಶಾನ್ಯಕ್ಕೆ, ಆಮೇಲೆ ಉತ್ತರಕ್ಕೆ, ಇನ್ನೊಂದು ಕಲ್ಲಿಗೆ ಎಡವಿ ವಾಯವ್ಯಕ್ಕೆ ಹೀಗೆ ಸುತ್ತಿ ದಿಕ್ಕು ತಪ್ಪುತ್ತಾನೆ. ಎಡವಾಟ ಇದ್ದಲ್ಲಿ ಪ್ರತಿರೋಧ ಇದೆ, ಪ್ರತಿರೋಧ ಇದ್ದಲ್ಲಿ ಬಿಸಿ ಇದೆ.

ನಷ್ಟವಿಲ್ಲದ ಹರಿವು ಒಂದು ಕಡೆ ನಿಜವಾಗಿ ಸಿಕ್ಕಿದೆ. 2013ರಲ್ಲಿ ಚೀನಾದ ಶುಯೆ ಚಿಕುನ್ ಅವರ ತಂಡ ಟೋಪೊಲಾಜಿಕಲ್ ವಸ್ತುವಿನೊಳಗೇ ಕ್ರೋಮಿಯಂ ಬೆರೆಸಿ ಅದನ್ನು ಆಯಸ್ಕಾಂತ ಮಾಡಿತು. ಆಗ ಮೈಮೇಲಿನ ಹರಿವೂ ನಿಂತು, ಅಂಚಿನಲ್ಲಿ ಮಾತ್ರ, ಒಂದೇ ದಿಕ್ಕಿಗೆ, ಎಡವದೆ ಸಾಗುವ ದಾರಿ ತೆರೆಯಿತು. ಅದಕ್ಕೆ ಬೇಕಾದ ಉಷ್ಣತೆ 30 ಮಿಲಿಕೆಲ್ವಿನ್, ಅಂದರೆ ಸೊನ್ನೆಗಿಂತ ಸುಮಾರು 273 ಡಿಗ್ರಿ ಸೆಲ್ಸಿಯಸ್ ಕೆಳಗೆ. ಏಪ್ರಿಲ್ ತಿಂಗಳ ರೋಣದ ಬಿಸಿಲಲ್ಲಿ ಕಿಸೆಯಲ್ಲಿಡುವ ಫೋನಿಗೆ ಅದನ್ನು ಹೊಂದಿಸಿ ಹೇಳುವವರು ಈ ಅಂಕಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ.

2023ರ ಜುಲೈ-ಆಗಸ್ಟ್‌ನಲ್ಲಿ ‘ಎಲ್‌ಕೆ-99’ ಎಂಬ ಕೊರಿಯಾದ ವಸ್ತುವಿನ ಗದ್ದಲ ನೆನಪಿದೆಯೇ? ಕೋಣೆಯ ಉಷ್ಣತೆಯಲ್ಲೇ ನಷ್ಟವಿಲ್ಲದ ಕರೆಂಟ್ ಎಂದು ಹೇಳಿದ್ದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಹಲವರು ಅದನ್ನು ತಯಾರಿಸಿ ನೋಡಿದರು, ಆ ಗುಣ ಕಾಣಲಿಲ್ಲ. ಅದು ಟೋಪೊಲಾಜಿಕಲ್ ಇನ್ಸುಲೇಟರ್ ಅಲ್ಲ, ಬೇರೆ ಜಾತಿ. ಫಾರ್ವರ್ಡ್‌ಗಳಲ್ಲಿ ಎರಡನ್ನೂ ಒಂದೇ ಗಂಗಾಳಕ್ಕೆ ಸುರಿಯುವುದುಂಟು ಎಂದೇ ಇಲ್ಲಿ ಹೇಳಬೇಕಾಯಿತು.

ನಿಜಕ್ಕೂ ಎಲ್ಲಿಗೆ ಬಂದಿದೆ?

ಆಸೆಗೆ ಕಾರಣವಿದೆ. 2017ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು ಕೋಣೆಯ ಉಷ್ಣತೆಯಲ್ಲಿ ಬಿಸ್ಮತ್ ಸೆಲೆನೈಡ್ ಬಳಸಿ ಆಯಸ್ಕಾಂತದ ಮುಖ ತಿರುಗಿಸಿದರು. ಬೇಕಾದ ಕರೆಂಟಿನ ದಟ್ಟಣೆ ಚದರ ಸೆಂಟಿಮೀಟರಿಗೆ ಸುಮಾರು 6 ಲಕ್ಷ ಆಂಪಿಯರ್. ಸಂಖ್ಯೆ ಕೇಳಿ ಗಾಬರಿಯಾಗಬೇಡಿ. 10 ಮೈಕ್ರೋಮೀಟರ್ ಅಗಲ, 8 ನ್ಯಾನೊಮೀಟರ್ ದಪ್ಪದ ಪಟ್ಟಿಗೆ ಲೆಕ್ಕ ಹಾಕಿದರೆ ಹರಿಯುವುದು ಅರ್ಧ ಮಿಲಿಆಂಪಿಯರಿಗೂ ಸ್ವಲ್ಪ ಕಡಿಮೆ. ಪ್ಲಾಟಿನಂನಂಥ ಲೋಹಗಳಿಗೆ ಇದೇ ದಟ್ಟಣೆ ಕೋಟಿ ಆಂಪಿಯರ್‌ಗಳಲ್ಲಿ ಬೇಕಾಗುತ್ತಿತ್ತು. 2018ರಲ್ಲಿ ಟೋಕಿಯೊ ತಂತ್ರಜ್ಞಾನ ಸಂಸ್ಥೆಯವರು ಬಿಸ್ಮತ್-ಆಂಟಿಮನಿ ಮಿಶ್ರಣದಲ್ಲಿ 52ರ ಅನುಪಾತ ವರದಿ ಮಾಡಿದರು. ಅದೇ ವರ್ಷ ಮಿನೆಸೋಟ ವಿಶ್ವವಿದ್ಯಾಲಯದವರು, ಚಿಪ್ ಕಾರ್ಖಾನೆಗಳಲ್ಲಿ ದಿನವೂ ಬಳಸುವ ಸ್ಪಟರಿಂಗ್ ವಿಧಾನದಲ್ಲೇ ಬಿಸ್ಮತ್-ಸೆಲೆನಿಯಂ ಪದರ ತಯಾರಿಸಿ 18ಕ್ಕಿಂತ ಹೆಚ್ಚು ಎಂದರು. ನಮಗೆ ಕೇಳಿದರೆ ಈ ಎರಡನೆಯದೇ ಹೆಚ್ಚು ಮುಖ್ಯ. ಒಂದೊಂದೇ ಪರಮಾಣು ಪದರವನ್ನು ನಿರ್ವಾತದಲ್ಲಿ ಗಂಟೆಗಟ್ಟಲೆ ಬೆಳೆಸುವ ವಿಧಾನದಲ್ಲಿ ಯಾರೂ ಕೋಟಿಗಟ್ಟಲೆ ಚಿಪ್ ಮಾಡಲಾರರು.

ಅಂಕಿಗಳು 2, 18, 52 ಎಂದು ಹೀಗೆ ಹಾರಾಡುತ್ತಿರುವುದೇ ಒಂದು ಎಚ್ಚರಿಕೆ. ಅಳೆಯುವ ವಿಧಾನ ಬದಲಾದರೆ ಉತ್ತರ ಬದಲಾಗುತ್ತದೆ. ಎಷ್ಟು ಪಾಲು ಮೈಯಿಂದ ಬಂತು, ಎಷ್ಟು ಒಳಗಿನಿಂದ ಬಂತು ಎಂಬ ಜಗಳ ವಿಜ್ಞಾನಿಗಳ ನಡುವೆ ಇನ್ನೂ ಇದೆ.

ತೊಂದರೆಗಳು ಬಹುತೇಕ ಮನೆಗೆಲಸದ ತೊಂದರೆಗಳಂತೆ. ಬಿಸ್ಮತ್ ಸೆಲೆನೈಡಿನಿಂದ ಅಲ್ಲಲ್ಲಿ ಸೆಲೆನಿಯಂ ಪರಮಾಣು ತಪ್ಪಿಸಿಕೊಂಡು ಹೋಗುತ್ತದೆ, ಆ ಖಾಲಿ ಜಾಗಗಳಿಂದ ಒಳಗೂ ಕರೆಂಟ್ ಹರಿದು ‘ಇನ್ಸುಲೇಟರ್’ ಎಂಬ ಹೆಸರೇ ಸುಳ್ಳಾಗುತ್ತದೆ. ಮೇಲೆ ನಿಕಲ್-ಕಬ್ಬಿಣದಂಥ ಲೋಹದ ಆಯಸ್ಕಾಂತ ಇಟ್ಟರೆ ಕರೆಂಟ್‌ಗೆ ಅದೇ ಸಲೀಸಾದ ದಾರಿ. ಕಾಲುವೆಗೆ ಬಿಟ್ಟ ನೀರು ಪಕ್ಕದ ತೂತಿನಿಂದ ಹಳ್ಳಕ್ಕೆ ಹೋದ ಹಾಗೆ, ಬಹುಪಾಲು ಲೋಹದಲ್ಲೇ ಹರಿದುಹೋಗುತ್ತದೆ. ಗಾರ್ನೆಟ್‌ನಂಥ ಅವಾಹಕ ಆಯಸ್ಕಾಂತ ಇದಕ್ಕೆ ಪರಿಹಾರ, ಆದರೆ ಅದನ್ನು ಸಿಲಿಕಾನ್ ಚಿಪ್ ಮೇಲೆ ಬೆಳೆಸುವುದು ಕಷ್ಟ. ಇನ್ನು ಗಡಿ. ನಿಕಲ್ ಮತ್ತು ಟೆಲ್ಯುರಿಯಂ ತಾಗಿದರೆ ಸುಮ್ಮನಿರುವುದಿಲ್ಲ, ಕೂಡಿಕೊಂಡು ಮೂರನೆಯ ಸಂಯುಕ್ತವಾಗುತ್ತವೆ. ಸ್ಪಿನ್ ದಾಟಬೇಕಾದ ಗಡಿಯಲ್ಲೇ ಕೆಸರು. ಆಯಸ್ಕಾಂತದ ಮುಖ ಪದರಕ್ಕೆ ಲಂಬವಾಗಿದ್ದರೆ ಅದು ತಾನು ಮುಟ್ಟಿದ ಮೈಯ ಎಡಗೈ ನಿಯಮವನ್ನೇ ಕೆಡಿಸಬಲ್ಲದು. ಯಾರಿಗಾಗಿ ಆ ಮೈ ಬೇಕಿತ್ತೋ ಅವರೇ ಅದನ್ನು ಹಾಳು ಮಾಡಿದಂತೆ!

ಎಲ್ಲ ಸರಿಹೋದರೆ ಸಿಗುವ ಲಾಭವೇನು? ನಿಮ್ಮ ಫೋನಿನ ರ‍್ಯಾಮ್ ಒಂದು ತೂತು ಕೊಡಗಳ ಸಾಲು. ಒಳಗಿನ ಚಾರ್ಜ್ ಸೋರುತ್ತಲೇ ಇರುವುದರಿಂದ ಸೆಕೆಂಡಿಗೆ ಹಲವು ಸಲ ಮತ್ತೆ ತುಂಬಬೇಕು, ನೀವು ಫೋನ್ ಮುಟ್ಟದಿದ್ದರೂ. ಆಯಸ್ಕಾಂತದ ಮೆಮೊರಿ ಸೋರುವುದಿಲ್ಲ, ಕರೆಂಟ್ ಹೋದರೂ ಬರೆದದ್ದು ಉಳಿಯುತ್ತದೆ. ‘ಎಂರ‍್ಯಾಮ್’ ಎಂಬ ಇಂಥ ಮೆಮೊರಿ ಈಗಾಗಲೇ ಮಾರಾಟದಲ್ಲಿದೆ, ಆದರೆ ಅದರಲ್ಲಿ ಬರೆಯಲು ಬಳಸುವುದು ಟೋಪೊಲಾಜಿಕಲ್ ವಸ್ತುವನ್ನಲ್ಲ. ಸುಮಾರು ಒಂದು ನ್ಯಾನೊಮೀಟರ್ ದಪ್ಪದ ತಡೆಗೋಡೆಯ ಮೂಲಕವೇ ಕರೆಂಟ್ ನುಗ್ಗಿಸಿ ಬರೆಯುತ್ತಾರೆ, ಬರೆದಷ್ಟೂ ಆ ಗೋಡೆ ಸವೆಯುತ್ತದೆ. ಪಕ್ಕದ ಪದರದಲ್ಲಿ ಕರೆಂಟ್ ಹರಿಸಿ ಸ್ಪಿನ್ ಮಾತ್ರ ದಾಟಿಸಿದರೆ ಗೋಡೆಗೆ ಆ ಕಾಟವಿಲ್ಲ. ಫೋನಿನ ಪರದೆ, ಸಿಗ್ನಲ್, ಪ್ರೊಸೆಸರ್ ತಿನ್ನುವ ಬ್ಯಾಟರಿ ಇದರಿಂದ ಕಡಿಮೆಯಾಗುವುದಿಲ್ಲ. ತಿಂಗಳುಗಟ್ಟಲೆ ಚಾರ್ಜ್ ಎಂಬುದು ಅಲ್ಲಿಗೆ ಬಿದ್ದುಹೋಯಿತು.

ಬೆಂಗಳೂರಿನಲ್ಲಿ

ಇದೆಲ್ಲ ದೂರದೇಶದ ಸುದ್ದಿ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಪಿ.ಎಸ್. ಅನಿಲ್ ಕುಮಾರ್ ಅವರ ತಂಡ ಕಾಂತೀಯ ತೆಳು ಪದರ, ಸ್ಪಿನ್ ಸಾಧನ ಮತ್ತು ಟೋಪೊಲಾಜಿಕಲ್ ಇನ್ಸುಲೇಟರ್‌ಗಳ ಮೇಲೆ ಕೆಲಸ ಮಾಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರ ತಂಡ ಇದೇ ಬಳಗದ ಟೆಲ್ಯುರೈಡ್ ಮತ್ತು ಸೆಲೆನೈಡ್‌ಗಳ ರಸಾಯನಶಾಸ್ತ್ರದಲ್ಲಿ, ಮುಖ್ಯವಾಗಿ ಶಾಖವನ್ನು ವಿದ್ಯುತ್ತಾಗಿಸುವ ವಸ್ತುಗಳಲ್ಲಿ, ಹೆಸರು ಮಾಡಿದೆ. 2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ಒಪ್ಪಿದ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಟೋಪೊಲಾಜಿಕಲ್ ವಸ್ತುಗಳ ಹೆಸರು ನೇರವಾಗಿ ಇದೆ. ವಿಜ್ಞಾನ ಓದುವ ಮಕ್ಕಳು ಮನೆಯಲ್ಲಿದ್ದರೆ, ಈ ಪ್ಯಾರಾ ಅವರಿಗೆ ಕಳಿಸಿ. ಇದು ಫಾರ್ವರ್ಡ್ ಮಾಡಲು ಯೋಗ್ಯ.

ಆ ₹1,499ರ ಚಿಪ್

ಪಂಪ್‌ಸೆಟ್‌ಗೆ ಕಟ್ಟುವ ‘ಸ್ಪಿನ್ ಮ್ಯಾಗ್ನೆಟ್’ನಿಂದ ಬಿಲ್ ಇಳಿಯುವುದಿಲ್ಲ. ಮೇಲೆ ಹೇಳಿದ ಎಲ್ಲ ಪರಿಣಾಮಗಳೂ ನಡೆಯುವುದು ಎರಡು ಪದರ ಪರಮಾಣು ಪರಮಾಣುವಿಗೆ ತಾಗಿ ಕೂತ, ಕೆಲವೇ ನ್ಯಾನೊಮೀಟರ್ ದಪ್ಪದ ಜಾಗದಲ್ಲಿ. ಹೊರಗಿನಿಂದ ಅಂಟಿಸಿದ ಬಿಲ್ಲೆ ಫೋನಿನೊಳಗಿನ ಅಥವಾ ಮೋಟರಿನೊಳಗಿನ ಎಲೆಕ್ಟ್ರಾನುಗಳಿಗೆ ಎಡಗೈ ನಿಯಮ ಕಲಿಸಲಾರದು.

‘ಕ್ವಾಂಟಮ್ ಪೆಂಡೆಂಟ್’ ಎಂದು ಕೊರಳಿಗೆ ಹಾಕಿಕೊಳ್ಳುವವರು ಇನ್ನೂ ಹುಷಾರಾಗಿರಬೇಕು. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ವಿಕಿರಣ ಸುರಕ್ಷತಾ ಪ್ರಾಧಿಕಾರ, ‘5ಜಿಯಿಂದ ರಕ್ಷಣೆ’ ಎಂದು ಮಾರುತ್ತಿದ್ದ ಪೆಂಡೆಂಟ್, ಕೈಬಳೆ ಮುಂತಾದ 10 ವಸ್ತುಗಳನ್ನು ಪರೀಕ್ಷಿಸಿ, ಅವೇ ವಿಕಿರಣ ಹೊರಸೂಸುತ್ತಿವೆ, ಧರಿಸಬೇಡಿ ಎಂದು ಎಚ್ಚರಿಸಿತು. ಇಲ್ಲದ ಅಪಾಯದಿಂದ ಕಾಪಾಡಲು ಹೋಗಿ ಇರುವ ಅಪಾಯವನ್ನು ಕೊರಳಿಗೆ ಕಟ್ಟಿದಂತಾಯಿತು.

ಹಾಗೆಯೇ, ಆಯಸ್ಕಾಂತ ತಾಗಿದರೆ ಫೋನಿನ ಫೋಟೊ ಎಲ್ಲ ಅಳಿಸಿಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಫೋನಿನ ಸಂಗ್ರಹ ಇರುವುದು ಚಾರ್ಜ್ ರೂಪದಲ್ಲಿ, ಆಯಸ್ಕಾಂತದ ರೂಪದಲ್ಲಿ ಅಲ್ಲ. ಆದರೆ ಮನೆಯಲ್ಲಿ ಹಿರಿಯರಿಗೆ ಪೇಸ್‌ಮೇಕರ್ ಕೂರಿಸಿದ್ದರೆ ಆಯಸ್ಕಾಂತವಿರುವ ಫೋನ್ ಕವರ್, ಚಾರ್ಜರ್, ಅಂಥ ಫೋನನ್ನೂ ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು, ಅಂಗಿಯ ಎದೆ ಕಿಸೆಯಲ್ಲಿ ಬೇಡ. ಇದು ನಿಜವಾದ ಸಲಹೆ.

ಟೋಪೊಲಾಜಿಕಲ್ ಇನ್ಸುಲೇಟರ್ ಬಳಗದ ವಸ್ತು ನಿಮ್ಮ ಕೈಗೆ ಸಿಗುವುದು ಈಗ ಇಂಥ ಕಡೆ. ಗೇಮ್ ಆಡುವ ಹುಡುಗರು ಫೋನಿನ ಬೆನ್ನಿಗೆ ಸಿಕ್ಕಿಸುವ ಕೂಲರ್ ಇದೆಯಲ್ಲ, ಅದರೊಳಗಿನ ಪೆಲ್ಟಿಯರ್ ಬಿಲ್ಲೆ. ಕಾರಿನಲ್ಲಿಡುವ ಪುಟ್ಟ ಫ್ರಿಜ್‌ನಲ್ಲಿ ಇರುವುದೂ ಅದೇ. ಅದರಲ್ಲಿ ಬಿಸ್ಮತ್ ಟೆಲ್ಯುರೈಡ್ ಆಧಾರಿತ ಚೂರುಗಳಿರುತ್ತವೆ. ಬೇಕೆಂದೇ ಬೇರೆ ಧಾತು ಬೆರೆಸಿ ಅವುಗಳ ಒಳಗೂ ಕರೆಂಟ್ ಹರಿಯುವಂತೆ ಮಾಡಿರುವುದರಿಂದ ಮೈಮೇಲಿನ ಸ್ಪಿನ್ ಆಟ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಂದು ಮೈ ತಣ್ಣಗಾಗುತ್ತದೆ, ಇನ್ನೊಂದು ಮೈ ಬಿಸಿಯಾಗುತ್ತದೆ, ಆ ಬಿಸಿ ಹೊರಹಾಕಲು ಒಂದು ಚಿಕ್ಕ ಫ್ಯಾನ್ ಗುಯ್‌ಗುಡುತ್ತದೆ. ಅದಕ್ಕೂ ಕರೆಂಟ್ ಬೇಕು.